ಲ್ಯಾಂಡರ್ಸ್ ಪೀಕ್: ಸ್ಟುಡಿಯೋದಲ್ಲಿ ಹುಟ್ಟಿದ ಬೆಟ್ಟ

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂದು ತೈಲವರ್ಣ ಚಿತ್ರ ಇದೆ. ಹೆಸರು 'ದಿ ರಾಕಿ ಮೌಂಟನ್ಸ್, ಲ್ಯಾಂಡರ್ಸ್ ಪೀಕ್'. ಬರೆದಿದ್ದು 1863ರಲ್ಲಿ, ಬರೆದವರು ಆಲ್ಬರ್ಟ್ ಬಿಯರ್‌ಸ್ಟಾಟ್. ಅಗಲ 3 ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಎತ್ತರ ಸುಮಾರು 1.87 ಮೀಟರ್, ಅಂದರೆ ಆಳೆತ್ತರದ ಕ್ಯಾನ್ವಾಸ್. ಕೆಳಗೆ ಹುಲ್ಲುಗಾವಲಿನಲ್ಲಿ ಅಮೆರಿಕದ ಮೂಲನಿವಾಸಿಗಳಾದ ಶೋಶೋನಿ ಬುಡಕಟ್ಟಿನವರ ಬಿಡಾರ, ಕುದುರೆಗಳು, ಬೇಟೆಯಾಡಿ ತಂದ ಪ್ರಾಣಿಗಳು. ನಡುವೆ ಕನ್ನಡಿಯಂಥ ಸರೋವರ, ಅದಕ್ಕೆ ಧುಮುಕುವ ಜಲಪಾತ. ಹಿಂದೆ, ಎಲ್ಲಕ್ಕಿಂತ ಮೇಲೆ, ಹಿಮ ಹೊತ್ತ ಚೂಪು ಶಿಖರ.

ನೋಡಿದ ಕೂಡಲೇ ಬರುವ ಪ್ರಶ್ನೆ: ಈ ಜಾಗ ಎಲ್ಲಿದೆ?

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ರಾಕಿ ಪರ್ವತಗಳಿಗೆ ಸೇರಿದ ವಿಂಡ್ ರಿವರ್ ಸಾಲಿನಲ್ಲಿ ಅಂತ ಹೇಳಬಹುದು, ಹೇಳಿದರೆ ಪೂರ್ತಿ ಸುಳ್ಳೂ ಆಗುವುದಿಲ್ಲ. ಆದರೆ ಈ ಚಿತ್ರವನ್ನು ಪ್ರಿಂಟ್ ಮಾಡಿಕೊಂಡು ಅಲ್ಲಿಗೆ ಹೋಗಿ ಹುಡುಕಿದರೆ ಇದೇ ಶಿಖರ, ಇದೇ ಜಲಪಾತ, ಇದೇ ಸರೋವರ ಒಂದೇ ಕಡೆ ನಿಂತು ನೋಡಲು ಸಿಗುವುದಿಲ್ಲ. ಇದು ಜೋಡಿಸಿದ ನೋಟ. ಒಂದೊಂದು ತುಂಡೂ ನಿಜ, ಒಟ್ಟು ಕಲ್ಪನೆ. ಇದನ್ನು ಮೋಸ ಅಂತ ಬೈದು ಸುಮ್ಮನಾಗುವುದು ಸುಲಭ. ಹೇಗೆ ಜೋಡಿಸಿದರು, ಯಾಕೆ ಹಾಗೇ ಜೋಡಿಸಿದರು ಅಂತ ನೋಡಿದರೆ ಮಾತ್ರ ಚಿತ್ರ ಅರ್ಥವಾಗುತ್ತದೆ.

ಮೊದಲು ಮನುಷ್ಯನ ಬಗ್ಗೆ. ಬಿಯರ್‌ಸ್ಟಾಟ್ ಹುಟ್ಟಿದ್ದು 1830ರಲ್ಲಿ, ಈಗಿನ ಜರ್ಮನಿಯ ಸೋಲಿಂಗೆನ್ ಊರಿನಲ್ಲಿ. ಎರಡು ವರ್ಷದ ಮಗುವಾಗಿದ್ದಾಗ ಮನೆಯವರೆಲ್ಲ ಅಮೆರಿಕಕ್ಕೆ ವಲಸೆ ಬಂದು ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ನೆಲೆ ನಿಂತರು. ಅದು ಆಗ ತಿಮಿಂಗಿಲ ಬೇಟೆಯ ದೊಡ್ಡ ಬಂದರು. ಅಪ್ಪ ಮರದ ಪೀಪಾಯಿ ಮಾಡುವವರು. ತಿಮಿಂಗಿಲದ ಎಣ್ಣೆ ತುಂಬಲು ಪೀಪಾಯಿ ಬೇಕೇ ಬೇಕು, ಹಾಗಾಗಿ ಆ ಊರಿನಲ್ಲಿ ಈ ಕೆಲಸಕ್ಕೆ ಬರ ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ವಲಸಿಗ ಕಲಾವಿದರ ಬಗ್ಗೆ ಬರೆಯುವವರೆಲ್ಲ 'ಹೊರಗಿನವರ ತಾಜಾ ಕಣ್ಣು' ಅನ್ನುವ ಮಾತು ಬಳಸುತ್ತಾರೆ. ಪರದೇಶದಿಂದ ಬಂದವರಿಗೆ ಇಲ್ಲಿನವರಿಗೆ ಕಾಣದ ಸೌಂದರ್ಯ ಕಂಡಿತು ಅಂತ. ಬಿಯರ್‌ಸ್ಟಾಟ್ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ. ಎರಡು ವರ್ಷದ ಮಗು ಎಂಥಾ ಕಣ್ಣು ತಂದಿರುತ್ತದೆ ಹೇಳಿ? ವಲಸೆ ಅವರಿಗೆ ಕೊಟ್ಟಿದ್ದು ಬೇರೆಯದೇ, ಅದು ಒಂದು ದಾರಿ. ತಾಯಿಯ ಕಡೆಯ ನೆಂಟರೊಬ್ಬರು, ಯೋಹಾನ್ ಪೀಟರ್ ಹಾಸೆನ್‌ಕ್ಲೇವರ್, ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಹೆಸರಾದ ಚಿತ್ರಕಾರರು. ಆ ನೆಂಟಸ್ತಿಕೆಯ ಭರವಸೆಯ ಮೇಲೆ 1853ರಲ್ಲಿ ಬಿಯರ್‌ಸ್ಟಾಟ್ ಕಲಿಯಲು ಹೊರಟರು. ದುರದೃಷ್ಟಕ್ಕೆ ಹಾಸೆನ್‌ಕ್ಲೇವರ್ ಅದೇ ವರ್ಷದ ಕೊನೆಗೆ ತೀರಿಕೊಂಡರು. ಆದರೆ ಅಲ್ಲಿ ಅಮೆರಿಕದಿಂದ ಬಂದ ಬೇರೆ ಚಿತ್ರಕಾರರ ಗುಂಪೇ ಇತ್ತು. ಅವರ ನಡುವೆ ಎಮಾನ್ಯುಯೆಲ್ ಲೊಯಿಟ್ಸೆ ಇದ್ದರು. ವಾಷಿಂಗ್ಟನ್ ದೋಣಿಯಲ್ಲಿ ನಿಂತು ಹಿಮಗಟ್ಟಿದ ಡೆಲಾವೇರ್ ನದಿ ದಾಟುವ ಆ ಪ್ರಸಿದ್ಧ ಚಿತ್ರ ಬರೆದವರು ಇವರೇ. ಇವರೂ ಜರ್ಮನಿಯಲ್ಲಿ ಹುಟ್ಟಿ ಚಿಕ್ಕಂದಿನಲ್ಲಿ ಅಮೆರಿಕಕ್ಕೆ ಹೋದವರೇ!

ಡ್ಯೂಸೆಲ್‌ಡಾರ್ಫ್‌ನಲ್ಲಿ ಕಲಿಸುತ್ತಿದ್ದ ರೀತಿಯೇ ಈ ಚಿತ್ರದ ಬೀಗದ ಕೈ. ಬಯಲಿಗೆ ಹೋಗಿ. ಕಲ್ಲು, ಮರ, ಮೋಡ, ನೀರು, ಎಲ್ಲವನ್ನೂ ಸಣ್ಣ ಸಣ್ಣ ಕಾಗದದ ಮೇಲೆ ಇದ್ದ ಹಾಗೇ ಬರೆದುಕೊಳ್ಳಿ. ಆಮೇಲೆ ಸ್ಟುಡಿಯೋಗೆ ಬಂದು ಆ ತುಂಡುಗಳಿಂದ ದೊಡ್ಡ ಚಿತ್ರ ಕಟ್ಟಿ. ಬ್ರಷ್ಷಿನ ಗುರುತು ಕಾಣಬಾರದು, ಮೇಲ್ಮೈ ನಯವಾಗಿರಬೇಕು, ಹುಲ್ಲಿನ ಎಸಳೂ ಎಣಿಸುವಂತಿರಬೇಕು. ಬಿಯರ್‌ಸ್ಟಾಟ್ ಇದನ್ನು ಚೆನ್ನಾಗಿ ರೂಢಿ ಮಾಡಿಕೊಂಡರು, 1856ರಲ್ಲಿ ಗೆಳೆಯರ ಜೊತೆ ಸ್ವಿಟ್ಜರ್ಲೆಂಡ್, ಇಟಲಿ ಸುತ್ತಿದರು, ಮರುವರ್ಷ ಅಮೆರಿಕಕ್ಕೆ ವಾಪಸಾದರು. 1858ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರದರ್ಶಿಸಿದ 'ಲೇಕ್ ಲೂಸರ್ನ್' ಅವರನ್ನು ಜನರ ಕಣ್ಣಿಗೆ ತಂದಿತು. ಅದರ ಅಗಲವೂ 3 ಮೀಟರ್‌ಗೂ ಮೇಲೆ. ವಿಷಯ ಸ್ವಿಟ್ಜರ್ಲೆಂಡಿನ ಸರೋವರ, ಸುತ್ತ ಆಲ್ಪ್ಸ್ ಬೆಟ್ಟಗಳು.

ಗಮನಿಸಿ, ರಾಕಿ ಪರ್ವತಗಳನ್ನು ಕಣ್ಣಾರೆ ನೋಡುವ ಮೊದಲೇ ಅವುಗಳ ಅಚ್ಚು ತಯಾರಾಗಿತ್ತು. ಎದುರಿಗೆ ಹಸಿರು ಬಯಲು, ನಡುವೆ ನೀರು, ಹಿಂದೆ ಹಿಮದ ಗೋಡೆ, ಅಳತೆ 3 ಮೀಟರ್.

1859ರಲ್ಲಿ ಅವಕಾಶ ಬಂತು. ಫ್ರೆಡರಿಕ್ ಲ್ಯಾಂಡರ್ ಅನ್ನುವ ಎಂಜಿನಿಯರ್, ಪಶ್ಚಿಮಕ್ಕೆ ಹೋಗುವ ಬಂಡಿಗಳಿಗೆ ಸರ್ಕಾರದ ಪರವಾಗಿ ರಸ್ತೆ ಮಾಡಿಸುತ್ತಿದ್ದರು. ಆ ತಂಡದ ಜೊತೆ ಬಿಯರ್‌ಸ್ಟಾಟ್ ಹೊರಟರು. ಬಾಸ್ಟನ್‌ನ ಇನ್ನೊಬ್ಬ ಚಿತ್ರಕಾರ ಫ್ರಾಸ್ಟ್ ಕೂಡ ಇದ್ದರು. ವಿಂಡ್ ರಿವರ್ ಬೆಟ್ಟಗಳ ಬಳಿ ತಂಡ ಬಿಟ್ಟು ಅಲ್ಲೇ ಉಳಿದು ಬರೆದರು. ಕಾಗದದ ಮೇಲೆ ಎಣ್ಣೆ ಬಣ್ಣದ ಸ್ಕೆಚ್‌ಗಳು, ಜೊತೆಗೆ ಸ್ಟೀರಿಯೋ ಕ್ಯಾಮೆರಾದ ಫೋಟೊಗಳು. ಒಂದೇ ನೋಟವನ್ನು ಎರಡು ಲೆನ್ಸ್‌ನಲ್ಲಿ ತೆಗೆದು, ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಆಳ ಕಾಣುತ್ತದಲ್ಲ, ಅಂಥವು. ಬಯಲಲ್ಲಿ ಎಣ್ಣೆ ಬಣ್ಣ ಬಳಸುವುದು ಸಲೀಸಾಗಿದ್ದಕ್ಕೂ ಒಂದು ಕಾರಣ ಇದೆ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಅನ್ನುವ ಅಮೆರಿಕನ್ ಚಿತ್ರಕಾರ, ಹಿಂಡಿ ತೆಗೆಯುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದಿದ್ದರು. ಅದಕ್ಕೆ ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಒಯ್ಯಬೇಕಿತ್ತು. ಅದನ್ನು ಕುದುರೆಯ ಮೇಲೆ ಹೇರಿಕೊಂಡು ಸಾವಿರಾರು ಮೈಲಿ ಹೋಗುವುದನ್ನು ಊಹಿಸಿಕೊಳ್ಳಿ.

ಆ ಪ್ರವಾಸದಲ್ಲಿ ಅವರು ಬರೆದ ಪತ್ರವೊಂದು ಆಗಿನ ಕಲಾಪತ್ರಿಕೆಯಲ್ಲಿ ಅಚ್ಚಾಯಿತು. ಬಯಲಿನಿಂದ ನೋಡಿದರೆ ಈ ಬೆಟ್ಟಗಳು ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದ ಆಲ್ಪ್ಸ್ ಥರವೇ ಇವೆ ಅಂತ ಅದರಲ್ಲಿ ಹೇಳುತ್ತಾರೆ. ಅವರ ಕಣ್ಣಿನ ಅಳತೆಗೋಲು ಯಾವುದು ಅಂತ ಇದರಲ್ಲೇ ಗೊತ್ತಾಗುತ್ತದೆ. ಚಿತ್ರದ ನಡುವಿನ ಶಿಖರ ನೋಡಿದ ಅನೇಕರಿಗೆ ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ನೆನಪಾಗುವುದೂ ಸುಮ್ನೆ ಅಲ್ಲ.

ಈಗ ಸ್ಟುಡಿಯೋಗೆ ಬರೋಣ. ನ್ಯೂಯಾರ್ಕ್‌ನ ಟೆಂತ್ ಸ್ಟ್ರೀಟ್‌ನಲ್ಲಿ ಕಲಾವಿದರಿಗೆ ಅಂತಲೇ ಕಟ್ಟಿದ ಕಟ್ಟಡವಿತ್ತು. ಪ್ರವಾಸ ಮುಗಿಸಿ ಬಂದ ಬಿಯರ್‌ಸ್ಟಾಟ್ ಅಲ್ಲಿ ಕೋಣೆ ಹಿಡಿದರು. 'ಲ್ಯಾಂಡರ್ಸ್ ಪೀಕ್' ಮುಗಿದಿದ್ದು ಬೆಟ್ಟ ನೋಡಿದ ನಾಲ್ಕು ವರ್ಷಗಳ ನಂತರ.

ಚಪ್ಪಟೆ ಬಟ್ಟೆಯ ಮೇಲೆ ಹತ್ತಾರು ಮೈಲಿ ದೂರ ತೋರಿಸುವುದು ಹೇಗೆ? ಇದೇ ಈ ಚಿತ್ರದ ಮುಖ್ಯ ಕಸುಬು, ಸ್ವಲ್ಪ ನಿಧಾನವಾಗಿ ನೋಡೋಣ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಅದು ಬರೀ ಗಾದೆ ಅಲ್ಲ, ಭೌತಶಾಸ್ತ್ರ. ನಮಗೂ ಬೆಟ್ಟಕ್ಕೂ ನಡುವೆ ಗಾಳಿ ಇದೆ. ಗಾಳಿಯ ಕಣಗಳು ನೀಲಿ ಬೆಳಕನ್ನು ಜಾಸ್ತಿ ಚೆದುರಿಸುತ್ತವೆ. ದೂರ ಹೆಚ್ಚಿದಷ್ಟೂ ಆ ಚೆದುರಿದ ನೀಲಿ ನಮ್ಮ ಕಣ್ಣಿಗೆ ಹೆಚ್ಚು ಸೇರುತ್ತದೆ, ಹಾಗಾಗಿ ಕಪ್ಪು ಬಂಡೆ, ಕಡು ಹಸಿರು ಕಾಡು ಎಲ್ಲ ನೀಲಿಗೆ ತಿರುಗಿ ಮಂಕಾಗುತ್ತವೆ. ಹಿಮದ ವಿಷಯ ಉಲ್ಟಾ. ಬಿಳಿ ಹಿಮದಿಂದ ಹೊರಟ ಬೆಳಕಿನಲ್ಲಿ ನೀಲಿ ದಾರಿಯಲ್ಲೇ ಚೆದುರಿಹೋಗುತ್ತದೆ, ನಮಗೆ ತಲುಪುವಾಗ ಅದು ಒಂಚೂರು ಹಳದಿಯಾಗಿರುತ್ತದೆ. ಬೆಳಕು-ನೆರಳಿನ ವ್ಯತ್ಯಾಸ ಕಡಿಮೆಯಾಗುತ್ತದೆ, ಅಂಚುಗಳು ಮೆತ್ತಗಾಗುತ್ತವೆ. ಚಿತ್ರಕಾರ ಇದನ್ನೇ ತಿರುಗಿಸಿ ಬಳಸುತ್ತಾನೆ. ಹತ್ತಿರದ್ದಕ್ಕೆ ಕಂದು, ಕಡು ಹಸಿರು, ಗಟ್ಟಿ ಅಂಚು. ದೂರದ್ದಕ್ಕೆ ಮಂದ ನೀಲಿ-ಬೂದು, ಕರಗಿದ ಅಂಚು. ಕಣ್ಣು ತಾನಾಗಿಯೇ ದೂರ ಅಂತ ಓದಿಕೊಳ್ಳುತ್ತದೆ.

ಇಲ್ಲೊಂದು ತಮಾಷೆ ಇದೆ. ವಯೋಮಿಂಗ್‌ನ ಎತ್ತರದ ಬಯಲಿನಲ್ಲಿ ಗಾಳಿ ಒಣ, ತಿಳಿ. ಆವಿ ಕಡಿಮೆ. ಅಲ್ಲಿ ದೂರದ ಬೆಟ್ಟ ನುಣ್ಣಗಿರುವುದಿಲ್ಲ. ಬಹಳ ದೂರದ ಕಲ್ಲಿನ ಬಿರುಕೂ ಚೂಪಾಗಿ ಕಾಣುತ್ತದೆ, ಹೊಸಬರು ಇಲ್ಲೇ ಇದೆ ಅಂದುಕೊಂಡು ನಡೆಯಲು ಹೊರಟು ಸುಸ್ತಾಗುತ್ತಾರೆ. ಕಂಡಿದ್ದನ್ನು ಕಂಡ ಹಾಗೇ ಬರೆದಿದ್ದರೆ ಬೆಟ್ಟ ಹತ್ತಿರ ಬಂದು, ಕುಗ್ಗಿ, ಗುಡ್ಡವಾಗಿಬಿಡುತ್ತಿತ್ತು. ಅದಕ್ಕೇ ಬಿಯರ್‌ಸ್ಟಾಟ್ ಯೂರೋಪಿನ ತೇವದ ಗಾಳಿಯನ್ನು ತಂದು ರಾಕಿ ಬೆಟ್ಟಗಳ ಮುಂದೆ ಹರಡಿದರು. ನುಣ್ಣಗಿಲ್ಲದ ಬೆಟ್ಟವನ್ನು ನುಣ್ಣಗೆ ಮಾಡಿದರು ಅನ್ನಿ. ನನ್ನ ಪ್ರಕಾರ ಚಿತ್ರದ ಅತಿ ದೊಡ್ಡ ಸುಳ್ಳು ಬೆಟ್ಟದ ಆಕಾರ ಅಲ್ಲ, ಈ ಗಾಳಿ. ಮುಂದೆ ಅವರ ಇನ್ನೊಂದು ದೊಡ್ಡ ಚಿತ್ರ, ಯೋಸೆಮಿಟಿ ಕಣಿವೆಯದ್ದು, ನೋಡಿದ ಮಾರ್ಕ್ ಟ್ವೈನ್ ಕೂಡ ಇದೇ ಅರ್ಥದ ಚೇಷ್ಟೆ ಮಾಡಿದರು. ಇಲ್ಲಿರುವ ವಾತಾವರಣ ಕ್ಯಾಲಿಫೋರ್ನಿಯಾದ್ದಲ್ಲ, ಸ್ವರ್ಗದ್ದು ಅನ್ನುವ ಅರ್ಥದಲ್ಲಿ.

ಇಂಥ ಮಂಜಿಗೆ ಎಣ್ಣೆ ಬಣ್ಣವೇ ಸರಿ. ಎಣ್ಣೆ ಬಣ್ಣ ಅಂದರೆ ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದಿದ್ದು. ಅದು ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಎರಡು ಬಣ್ಣಗಳ ಗಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಸವರಿ ಸವರಿ ಎಲ್ಲಿ ಮೋಡ ಮುಗಿದು ಬೆಟ್ಟ ಶುರುವಾಯಿತು ಅಂತ ಗೊತ್ತಾಗದ ಹಾಗೆ ಮಾಡಬಹುದು. ಒಣಗಿದ ಮೇಲೆ ಅದರ ಮೇಲೆ ಪಾರದರ್ಶಕವಾದ ತೆಳು ಪದರ ಎಳೆಯಬಹುದು. ಬೆಳಕು ಆ ಪದರ ದಾಟಿ ಕೆಳಗಿನ ಬಣ್ಣಕ್ಕೆ ತಾಗಿ ವಾಪಸ್ ಬರುತ್ತದೆ, ಅದಕ್ಕೇ ಒಳಗಿನಿಂದ ಹೊಳೆದಂತೆ ಕಾಣುತ್ತದೆ. ಒಂದು ನಿಯಮ ಮಾತ್ರ ಮೀರಬಾರದು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ. ತಪ್ಪಿದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಅಲುಗಾಡಿ, ಚಿತ್ರ ಬಿರುಕು ಬಿಡುತ್ತದೆ.

ಬೆಳಕಿನ ಜೋಡಣೆಯೂ ನೋಡಿ. ಮುಂದಿನ ಬಿಡಾರದ ಬಹುಭಾಗ ಮೋಡದ ನೆರಳಿನಲ್ಲಿದೆ. ಬಿಸಿಲು ಬಿದ್ದಿರುವುದು ನಡುವಿನ ಜಲಪಾತ ಮತ್ತು ಸರೋವರದ ಮೇಲೆ, ನಾಟಕದ ರಂಗದ ಮೇಲೆ ಲೈಟು ಬಿಟ್ಟ ಹಾಗೆ. ನಿಮ್ಮ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಅಲ್ಲಿಂದ ಮೇಲೆ ಹತ್ತಿ ಶಿಖರಕ್ಕೆ. ಬಿಡಾರದ ಜನರನ್ನು ನೋಡುವುದು ಕೊನೆಗೆ. ಅಷ್ಟು ಹೊತ್ತಿಗೆ ಬೆಟ್ಟ ಎಷ್ಟು ದೊಡ್ಡದು ಅಂತ ಮನಸ್ಸಿನಲ್ಲಿ ಕೂತಿರುತ್ತದೆ, ಪುಟ್ಟ ಪುಟ್ಟ ಮನುಷ್ಯರು ಅದನ್ನು ಇನ್ನೂ ದೊಡ್ಡದು ಮಾಡುತ್ತಾರೆ.

ಆ ಜನರ ವಿಷಯಕ್ಕೆ ಬಂದರೆ ಚಿತ್ರ ಅಷ್ಟು ಹಿತವಾಗಿ ಉಳಿಯುವುದಿಲ್ಲ. ಚಿತ್ರದಲ್ಲಿ ಶೋಶೋನಿಗಳು ನೆಮ್ಮದಿಯಿಂದಿದ್ದಾರೆ. ಚಿತ್ರ ಮುಗಿದ ಅದೇ 1863ರ ಜನವರಿ 29ರಂದು, ಈಗಿನ ಐಡಾಹೊ ರಾಜ್ಯದ ಬೇರ್ ರಿವರ್ ದಡದಲ್ಲಿ, ಅಮೆರಿಕದ ಸೈನ್ಯ ವಾಯವ್ಯ ಶೋಶೋನಿಗಳ ಚಳಿಗಾಲದ ಬಿಡಾರದ ಮೇಲೆ ಬಿದ್ದು ನೂರಾರು ಜನರನ್ನು ಕೊಂದಿತು. ಹೆಂಗಸರು, ಮಕ್ಕಳೂ ಸತ್ತರು. ಬಿಯರ್‌ಸ್ಟಾಟ್ ನೋಡಿದ ವಿಂಡ್ ರಿವರ್ ಕಡೆಯ ಗುಂಪು ಬೇರೆ, ಸತ್ತ ಗುಂಪು ಬೇರೆ, ಅದು ನಿಜ. ಆದರೂ ಆ ವರ್ಷ ಶೋಶೋನಿ ಬಿಡಾರ ಅಂದರೆ ನೆಮ್ಮದಿಯ ಚಿತ್ರ ಅಂತ ಹೇಳುವಂತಿರಲಿಲ್ಲ. ಲ್ಯಾಂಡರ್ ಮಾಡಿಸಿದ ರಸ್ತೆಯೇ ಆ ಕಡೆ ವಲಸೆ ಬಂಡಿಗಳು ಹರಿದು ಬರುವ ದಾರಿಗಳಲ್ಲಿ ಒಂದು. 1862ರಲ್ಲಿ ಪಶ್ಚಿಮದ ಜಮೀನನ್ನು ನೆಲೆಸುವವರಿಗೆ ಹಂಚುವ ಕಾಯ್ದೆಯೂ, ಸಾಗರದಿಂದ ಸಾಗರಕ್ಕೆ ರೈಲು ಹಾಕುವ ಕಾಯ್ದೆಯೂ ಪಾಸಾಗಿದ್ದವು.

ಚಿತ್ರದ ಜೊತೆ ಹಂಚಿದ ಕರಪತ್ರ ಇದನ್ನು ಮುಚ್ಚಿಡುವುದೂ ಇಲ್ಲ. ಈಗ ಇಂಡಿಯನ್ನರ, ಅಂದರೆ ಮೂಲನಿವಾಸಿಗಳ, ಹಳ್ಳಿ ಇರುವ ಇದೇ ಬಯಲಿನಲ್ಲಿ ಮುಂದೊಂದು ದಿನ ನಮ್ಮ ಮಕ್ಕಳು-ಮರಿ ಕಟ್ಟಿದ ನಗರ ಬರಬಹುದು, ಅಲ್ಲಿನ ಗ್ಯಾಲರಿಯಲ್ಲಿ ಈ ಚಿತ್ರ ಇರಬಹುದು ಅನ್ನುವ ಆಸೆ ಅದರಲ್ಲಿದೆ. ಇದನ್ನು ಓದಿದ ಮೇಲೆ ಮುಂದಿರುವ ನೆರಳು, ಹಿಂದಿರುವ ಬಿಸಿಲು ಬರೀ ಕಸುಬಿನ ಲೆಕ್ಕಾಚಾರ ಅನ್ನಿಸುವುದಿಲ್ಲ.

ಹೆಸರಿನ ಕಥೆಯೂ ಇದೇ ಥರದ್ದು. ಲ್ಯಾಂಡರ್ ಅಂತರ್ಯುದ್ಧದಲ್ಲಿ ಉತ್ತರದ ಕಡೆಯ ಸೇನಾಧಿಕಾರಿಯಾಗಿ, 1862ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ನೆನಪಿಗೆ ಬಿಯರ್‌ಸ್ಟಾಟ್ ಶಿಖರಕ್ಕೆ ಆ ಹೆಸರಿಟ್ಟರು. ಕೊಲೊರಾಡೊದ ಇನ್ನೊಂದು ಬೆಟ್ಟಕ್ಕೂ ಇವರು ಹೆಸರಿಟ್ಟಿದ್ದರು, ಮೌಂಟ್ ರೊಸಾಲಿ ಅಂತ. ರೊಸಾಲಿ ಅಂದರೆ ತಮ್ಮ ಸಹಪ್ರಯಾಣಿಕ ಲಡ್ಲೋ ಅವರ ಹೆಂಡತಿ. ಆ ದಂಪತಿ ಬೇರೆಯಾದ ಮೇಲೆ 1866ರಲ್ಲಿ ಆಕೆಯನ್ನು ಬಿಯರ್‌ಸ್ಟಾಟ್ ಮದುವೆಯಾದರು! ಆ ಬೆಟ್ಟ ಮುಂದೆ ಗವರ್ನರ್ ಒಬ್ಬರ ಹೆಸರಿನಲ್ಲಿ ಮೌಂಟ್ ಇವಾನ್ಸ್ ಆಯಿತು. ಸೈನಿಕರು ಮೂಲನಿವಾಸಿಗಳನ್ನು ಕೊಂದ 1864ರ ಸ್ಯಾಂಡ್ ಕ್ರೀಕ್ ಹತ್ಯಾಕಾಂಡದ ಜೊತೆ ಆ ಹೆಸರು ಅಂಟಿಕೊಂಡಿದ್ದರಿಂದ 2023ರಲ್ಲಿ ಅದನ್ನೂ ತೆಗೆದು ಮೌಂಟ್ ಬ್ಲೂ ಸ್ಕೈ ಅಂತ ಮಾಡಿದರು. ಪಕ್ಕದಲ್ಲಿ ಮೌಂಟ್ ಬಿಯರ್‌ಸ್ಟಾಟ್ ಮಾತ್ರ ಹಾಗೇ ಇದೆ.

ಈ ಚಿತ್ರ ತೋರಿಸಿದ ರೀತಿ ಈಗಿನ ಸಿನಿಮಾ ಬಿಡುಗಡೆಗೆ ಹತ್ತಿರ. ಆಗ ಒಂದೇ ಒಂದು ದೊಡ್ಡ ಚಿತ್ರ ಇಟ್ಟು ಟಿಕೆಟ್ ಮಾರುವ ಪದ್ಧತಿ ಇತ್ತು. 1859ರಲ್ಲಿ ಫ್ರೆಡರಿಕ್ ಚರ್ಚ್ ಅವರ 'ಹಾರ್ಟ್ ಆಫ್ ದಿ ಆಂಡೀಸ್' ನೋಡಲು ತಲಾ 25 ಸೆಂಟ್ ಕೊಟ್ಟು ಮೂರು ವಾರದಲ್ಲಿ 12,000ಕ್ಕೂ ಹೆಚ್ಚು ಜನ ಬಂದಿದ್ದರು. ಗಾಯಗೊಂಡ ಸೈನಿಕರಿಗಾಗಿ ಹಣ ಕೂಡಿಸಲು 1864ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಭಾರೀ ಮೇಳ ನಡೆದಾಗ, ಅದೇ ಚಿತ್ರದ ಎದುರು ಗೋಡೆಗೆ 'ಲ್ಯಾಂಡರ್ಸ್ ಪೀಕ್' ಬಂತು. ಬಿಯರ್‌ಸ್ಟಾಟ್ ಅಷ್ಟಕ್ಕೇ ಬಿಡಲಿಲ್ಲ, ಮೂಲನಿವಾಸಿಗಳನ್ನು ಕರೆಸಿ ಅವರ ಕುಣಿತ, ಆಟಗಳನ್ನೂ ಮೇಳದಲ್ಲಿ ಏರ್ಪಡಿಸಿದರು. 1865ರಲ್ಲಿ ಬ್ರಿಟನ್ನಿನಲ್ಲಿದ್ದ ರೈಲ್ವೆ ಬಂಡವಾಳಗಾರ ಜೇಮ್ಸ್ ಮೆಕ್‌ಹೆನ್ರಿ 25,000 ಡಾಲರ್ ಕೊಟ್ಟು ಚಿತ್ರ ಕೊಂಡರು. ಆಗ ಉತ್ತರದ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 16 ಡಾಲರ್. ಲೆಕ್ಕ ಹಾಕಿದರೆ ನೂರಮೂವತ್ತು ವರ್ಷದ ಸಂಬಳ. ಕೊಂಡವರು ರೈಲ್ವೆಯವರು ಅನ್ನುವುದನ್ನೂ ಮರೆಯಬೇಡಿ.

ಇದೇ ದಾರಿಯಲ್ಲಿ ನಡೆದ ಇನ್ನೊಬ್ಬ ವಲಸಿಗ ಥಾಮಸ್ ಮೊರಾನ್. ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ನೇಕಾರರ ಮನೆಯಲ್ಲಿ 1837ರಲ್ಲಿ ಹುಟ್ಟಿದವರು, 1844ರಲ್ಲಿ ಅಮೆರಿಕಕ್ಕೆ ಬಂದವರು. (ಅಮೆರಿಕದ ನಿಸರ್ಗಚಿತ್ರಕ್ಕೆ ತಳಪಾಯ ಹಾಕಿದ ಥಾಮಸ್ ಕೋಲ್ ಕೂಡ ಅದೇ ಬೋಲ್ಟನ್‌ನವರು!) ಮೊರಾನ್ 1871ರಲ್ಲಿ ಸರ್ಕಾರಿ ಸರ್ವೆ ತಂಡದ ಜೊತೆ ಯೆಲ್ಲೊಸ್ಟೋನ್‌ಗೆ ಹೋದರು. 1872ರ ಮಾರ್ಚ್‌ನಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಅವರ ಕಣಿವೆಯ ದೊಡ್ಡ ಚಿತ್ರವನ್ನು ಅಮೆರಿಕದ ಸಂಸತ್ತು 10,000 ಡಾಲರ್‌ಗೆ ಕೊಂಡಿತು. ಮೊರಾನ್ ಈ ವಿಷಯದಲ್ಲಿ ಪ್ರಾಮಾಣಿಕರು. ಕಂಡಿದ್ದನ್ನು ಇದ್ದಂತೆ ನಕಲು ಮಾಡುವುದಕ್ಕೆ ತಾನು ಬೆಲೆ ಕೊಡುವುದಿಲ್ಲ ಅಂತ ನೇರವಾಗಿಯೇ ಹೇಳಿದ್ದರು. ಬಿಯರ್‌ಸ್ಟಾಟ್ ಮಾಡಿದ್ದೂ ಅದನ್ನೇ ಅಲ್ವಾ?

ಏರಿದಷ್ಟೇ ಬೇಗ ಇಳಿಯಿತು. 1870ರ ನಂತರ ಅಮೆರಿಕದ ಹಣವಂತರ ರುಚಿ ಫ್ರಾನ್ಸ್ ಕಡೆ ತಿರುಗಿತು. ಚಿಕ್ಕ ಕ್ಯಾನ್ವಾಸ್, ಸಡಿಲ ಬ್ರಷ್, ಸಾಮಾನ್ಯ ಹೊಲ-ತೋಪುಗಳು ಬೇಕಾದವು. 3 ಮೀಟರ್ ಬೆಟ್ಟ ಅತಿಯಾಯಿತು. 1889ರ ಪ್ಯಾರಿಸ್ ಮಹಾಮೇಳಕ್ಕೆ ಬಿಯರ್‌ಸ್ಟಾಟ್ ಕೊಟ್ಟ 'ದಿ ಲಾಸ್ಟ್ ಆಫ್ ದಿ ಬಫೆಲೊ' ಚಿತ್ರವನ್ನು ಅಮೆರಿಕದ್ದೇ ಆಯ್ಕೆ ಸಮಿತಿ ತಿರಸ್ಕರಿಸಿತು. ಹಡ್ಸನ್ ದಡದ ಅವರ ದೊಡ್ಡ ಮನೆ 1882ರಲ್ಲೇ ಸುಟ್ಟುಹೋಗಿತ್ತು. 1895ರಲ್ಲಿ ದಿವಾಳಿ, 1902ರಲ್ಲಿ ಸಾವು. ಮೆಟ್ರೊಪಾಲಿಟನ್ ಮ್ಯೂಸಿಯಂ 'ಲ್ಯಾಂಡರ್ಸ್ ಪೀಕ್' ಕೊಂಡಿದ್ದು 1907ರಲ್ಲಿ.

ಈಗ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಅದರ ದೊಡ್ಡ ಫೋಟೊ ಪುಕ್ಕಟೆ ಸಿಗುತ್ತದೆ. ತೆರೆದು ನಡುವಿನ ಬಿಸಿಲಿನ ಭಾಗವನ್ನು ಅಂಗೈಯಿಂದ ಮುಚ್ಚಿ ನೋಡಿ, ಬೆಟ್ಟ ಥಟ್ಟನೆ ಹತ್ತಿರ ಬಂದಂತಾಗುತ್ತದೆ, ಬಿಡಾರದ ಜನ ಮೊದಲ ಸಲ ಮುಖ್ಯವಾಗಿ ಕಾಣುತ್ತಾರೆ. ಕೈ ತೆಗೆದರೆ ಮತ್ತೆ ಬೆಟ್ಟದ್ದೇ ರಾಜ್ಯ. ಆಮೇಲೆ ಜೂಮ್ ಮಾಡಿ ಸರೋವರದ ಆಚೆ ದಡ ಹುಡುಕಿ. ನೀರು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ. ಡ್ಯೂಸೆಲ್‌ಡಾರ್ಫ್‌ನಲ್ಲಿ ಕಲಿತ ಕೈಚಳಕ ಎದ್ದು ಕಾಣುವುದು ಅಲ್ಲೇ.